ಡೊಡೋನದ ದೊಡ್ಡವ್ವ

ಹಾಸನದ ನಮ್ಮ ಮನೆಯ ಮೆಟ್ಟಿಲ ಪಕ್ಕ ಒಂದು ನಲ್ಲಿ ಇದೆ. ಹೊರಗಿನಿಂದ ಬಂದವರು ಕಾಲು ತೊಳೆದುಕೊಳ್ಳಲಿ ಎಂದು ಮನೆ ಕಟ್ಟಿಸುವಾಗಲೇ ನನ್ನ ಯಜಮಾನರು ಹಾಕಿಸಿದ್ದು. ಸಂತೆಯ ಚೀಲವನ್ನು ಕೆಳಗಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ಪಾದಕ್ಕೆ ನೀರು ಬಿಟ್ಟುಕೊಳ್ಳುವಾಗಲೆಲ್ಲ ನನಗೆ ಗ್ರೀಸ್ ದೇಶ ನೆನಪಾಗುತ್ತದೆ. ನಗಬೇಡಿ. ಆ ದೇಶದಲ್ಲಿ ಬಹಳ ಹಿಂದೆ ಡೊಡೋನ ಎಂಬ ದೇವರ ಜಾಗವೊಂದಿತ್ತು. ಅಲ್ಲಿನ ಪೂಜಾರಿಗಳು ಕಾಲು ತೊಳೆಯುತ್ತಿರಲಿಲ್ಲವಂತೆ, ಬರೀ ನೆಲದ ಮೇಲೆ ಮಲಗುತ್ತಿದ್ದರಂತೆ. ದೇವರು ಮರದ ಬೇರಿನಿಂದ ಮಾತಾಡುವಾಗ ಅಂಗಾಲಿಗೂ ಮಣ್ಣಿಗೂ ನಡುವೆ ನೀರು ಬಂದರೆ ಕೇಳಿಸುವುದು ಹೇಗೆ? ಈ ಕೊನೆಯ ವಿವರಣೆ ಮಾತ್ರ ಪುಸ್ತಕದ್ದಲ್ಲ, ನಮ್ಮ ಜಯಕ್ಕನದು.

ಜಯಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಬಹಳ ದೊಡ್ಡವಳು. ಬಾಗೂರಿನಿಂದ ಚನ್ನರಾಯಪಟ್ಟಣದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಇತಿಹಾಸ ಅವಳ ವಿಷಯ. ಅವಳಿಗೆ ಒಂದು ತೊಂದರೆಯಿತ್ತು. ಮನಸ್ಸಿನಲ್ಲೇ ಓದಿದರೆ ತಲೆಗೆ ಹತ್ತುತ್ತಿರಲಿಲ್ಲ. ಯಾರಿಗಾದರೂ ಹೇಳಬೇಕು, ಅವರು "ಊಂ" ಅನ್ನಬೇಕು, ಆಗ ಮಾತ್ರ ಅದು ಅವಳದಾಗುತ್ತಿತ್ತು. ಮನೆಯಲ್ಲಿ "ಊಂ" ಅನ್ನುವ ಕೆಲಸಕ್ಕೆ ಬಿಡುವಿದ್ದವಳು ನಾನೊಬ್ಬಳೇ. ಹಿತ್ತಲಿನಲ್ಲಿ ತೆಂಗಿನ ಗರಿಗಳನ್ನು ರಾಶಿ ಹಾಕಿಕೊಂಡು ಪೊರಕೆ ಕಡ್ಡಿ ಸೀಳುತ್ತ ಕೂರುತ್ತಿದ್ದೆವು. ಪುಸ್ತಕ ಅವಳ ತೊಡೆಯ ಮೇಲೆ, ಕುಡುಗೋಲು ಕೈಯಲ್ಲಿ. ಹಾಗಾಗಿ ನನಗೆ ಈಗಲೂ ತೆಂಗಿನ ಗರಿಯ ಹಸಿ ವಾಸನೆ ಬಂದರೆ ಗ್ರೀಕರ ಯುದ್ಧಗಳು ನೆನಪಾಗುತ್ತವೆ. ಯಾರು ಯಾರೊಡನೆ ಯುದ್ಧ ಮಾಡಿದರು ಎಂದು ಮಾತ್ರ ಕೇಳಬೇಡಿ.

ಯುದ್ಧಗಳೆಲ್ಲ ಒಂದು ಕಿವಿಯಲ್ಲಿ ಬಂದು ಇನ್ನೊಂದು ಕಿವಿಯಲ್ಲಿ ಹೋದವು. ಉಳಿದದ್ದು ಡೊಡೋನ. ಅದು ಬೆಟ್ಟಗಳ ನಡುವಿನ ಕಣಿವೆಯಲ್ಲಿತ್ತು. ಮೊದಮೊದಲು ಅಲ್ಲಿ ಗುಡಿ ಇರಲಿಲ್ಲ, ಗೋಡೆ ಇರಲಿಲ್ಲ, ಒಂದು ಓಕ್ ಮರ ಇತ್ತು, ಅಷ್ಟೇ. ಗಾಳಿಗೆ ಅದರ ಎಲೆ ಅಲುಗಿದರೆ ಅದೇ ದೇವರ ಮಾತು. ಆ ದೇವರ ಹೆಸರು ಜ್ಯೂಸ್ ಎಂದು ಅಕ್ಕ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕು, ಮೋಸಂಬಿದೋ ದ್ರಾಕ್ಷಿದೋ ಎಂದು ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೆ. ಅವನ ಜೊತೆಗೆ ಒಬ್ಬಳು ದೇವಿಯೂ ಇದ್ದಳು. ಮೊದಲು ಇದ್ದವಳು ಅವಳೇ, ಅವನು ಆಮೇಲೆ ಬಂದ ಎನ್ನುವವರೂ ಇದ್ದಾರಂತೆ. ಮರದ ಸುತ್ತ ಕಂಚಿನ ಹಂಡೆಗಳನ್ನು ಒಂದಕ್ಕೊಂದು ತಾಗುವ ಹಾಗೆ ಇಟ್ಟಿದ್ದರು. ಒಂದಕ್ಕೆ ಬಡಿದರೆ ಆ ನಾದ ಸುತ್ತು ಹಾಕಿಕೊಂಡು ಬರುತ್ತಿತ್ತು. ರಾಜರು, ಸಾಹುಕಾರರು ಡೆಲ್ಫಿ ಎಂಬ ಇನ್ನೊಂದು ದೊಡ್ಡ ಕ್ಷೇತ್ರಕ್ಕೆ ಹೋಗುತ್ತಿದ್ದದ್ದೇ ಹೆಚ್ಚು. ಡೊಡೋನಕ್ಕೆ ಕುರಿ ಕಾಯುವವರು, ಬೇಸಾಯದವರು, ಹೆಂಗಸರು, ಆಳುಗಳು ಕೂಡ ಬರುತ್ತಿದ್ದರು. ತಮ್ಮ ಪ್ರಶ್ನೆಯನ್ನು ತೆಳ್ಳನೆಯ ಸೀಸದ ತಗಡಿನ ಮೇಲೆ ಗೀಚಿ, ಸುರುಳಿ ಸುತ್ತಿ ಕೊಡುತ್ತಿದ್ದರು. ಎಷ್ಟೋ ಕಾಲದ ಮೇಲೆ ನೆಲ ಅಗೆದವರಿಗೆ ಆ ತಗಡುಗಳು ಸಿಕ್ಕಿದವು. ಅದರಲ್ಲಿದ್ದದ್ದು ಏನು? ನಾನು ಕುರಿ ಸಾಕಿದರೆ ಲಾಭವೇ, ಈ ಹೆಣ್ಣನ್ನು ಮದುವೆಯಾಗಲೇ, ನನ್ನ ಹೊದಿಕೆಯನ್ನು ಕದ್ದವರು ಹೊರಗಿನವರೇ, ಮನೆಯವರೇ.

ಇದನ್ನು ಓದಿದ ದಿನ ಜಯಕ್ಕ ಕುಡುಗೋಲು ಕೆಳಗಿಟ್ಟಳು. "ಲೇ ಪುಟ್ಟಿ, ಇವರೆಲ್ಲ ನಮ್ಮ ಬಾಗೂರಿನವರೇ ಕಣೇ! ನಮ್ಮೂರವರೇ ಹೋಗಿ ಬರೆದುಬಂದಂಗವೆ" ಎಂದಳು. ಅವಳ ಮುಖ ಆಗ ಹೇಗಿತ್ತೆಂದರೆ, ದೂರದ ನೆಂಟರ ವಿಳಾಸ ಸಿಕ್ಕಿದವಳ ಹಾಗಿತ್ತು.

ಅಲ್ಲಿಂದ ನಮ್ಮ ಕೆರೆ ಏರಿಯ ಅರಳಿಮರ ಡೊಡೋನವಾಯಿತು. ಓಕ್ ಮರ ಹೇಗಿರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಎಲೆ ಸದ್ದು ಮಾಡುತ್ತದೆ ತಾನೇ, ಸಾಕು ಎಂದುಕೊಂಡೆವು. ಹಂಡೆಗಳ ಬದಲು ಡಬ್ಬದ ಮುಚ್ಚಳಗಳನ್ನು ದಾರಕ್ಕೆ ಪೋಣಿಸಿ ಕಟ್ಟಿದೆವು. ಜಾಲಿ ಮುಳ್ಳಿನಿಂದ ಬೇಗಡೆ ಕಾಗದದ ಮೇಲೆ "ಗಣಿತದಲ್ಲಿ ಪಾಸಾಗುತ್ತೇನೆಯೇ" ಎಂದು ಗೀಚಿ ಅಕ್ಕನ ಕೈಗೆ ಕೊಟ್ಟೆ. ಅವಳು ಕಣ್ಣುಮುಚ್ಚಿ, ಎಲೆಗಳು ಅಲುಗುವವರೆಗೆ ಕಾದು, ಗಂಭೀರವಾಗಿ ಹೇಳಿದಳು: "ಮಗ್ಗಿ ಕಲಿತರೆ ಅಂತ ಅಂತೈತೆ."

ಅವತ್ತು ಸಂಜೆ ನಾನು ಪೂಜಾರಿಯಾಗಿ ಮನೆಗೆ ಬಂದೆ. ಕಾಲು ತೊಳೆಯಲು ಒಪ್ಪಲಿಲ್ಲ. ಯಾಕೆಂದು ಅಮ್ಮ ಕೇಳಿದ್ದಕ್ಕೆ ಗ್ರೀಸ್ ದೇಶದ ಪದ್ಧತಿಯನ್ನು ವಿವರಿಸಿದೆ.

"ಯಾವ್ ದೇಸದ್ ಪೂಜಾರಿಯಾದ್ರೂ ಆಗು, ಕಾಲ್ ತೊಳ್ಕಂಡು ಒಳೀಕ್ ಬಾ. ಸಗಣಿ ಮೆಟ್ಕಂಡ್ ಬಂದವ್ಳೆ!" ಎಂದು ಅಮ್ಮ ಚೊಂಬಿನ ನೀರನ್ನು ನನ್ನ ಕಾಲಿಗೆ ಸುರಿದುಬಿಟ್ಟರು. ನನ್ನ ಪೂಜಾರಿಕೆ ಅಲ್ಲಿಗೆ ಮುಗಿಯಿತು.

ಅಕ್ಕನ ಕೊನೆಯ ವರ್ಷದ ಓದು ನಡೆಯುತ್ತಿದ್ದಾಗಲೇ ಕೊಣನೂರಿನಿಂದ ಸಂಬಂಧ ಬಂತು. ಹೊಗೆಸೊಪ್ಪು ಬೆಳೆಯುವ ಮನೆ, ಕಾವೇರಿಯ ಬಯಲಿನಲ್ಲಿ ಗದ್ದೆ, ಹುಡುಗ ಒಳ್ಳೆಯವನು. ಪರೀಕ್ಷೆ ಮುಗಿಯುವವರೆಗೆ ಕಾಯಿರಿ ಎಂದು ಅಕ್ಕ ಕೇಳಿಕೊಂಡಳು. ಅಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ. ನಮ್ಮ ಕಡೆ ತೋಚದಿದ್ದಾಗ ಮಾಡುವುದನ್ನೇ ಅಪ್ಪನೂ ಮಾಡಿದರು. ಅಮ್ಮನವರ ಗುಡಿಗೆ ಹೋಗಿ ಹೂ ಕೇಳುವುದೆಂದು ತೀರ್ಮಾನಿಸಿದರು. ದೇವಿಯ ವಿಗ್ರಹಕ್ಕೆ ಎಡಕ್ಕೂ ಬಲಕ್ಕೂ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾರೆ. ಪ್ರಶ್ನೆ ಕೇಳಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಹೊರಡುವಾಗ ಅಕ್ಕ, "ಅಪ್ಪಾ, ಪ್ರಶ್ನೆ ನಾನೇ ಕೇಳ್ತೀನಿ" ಎಂದಳು.

"ಹೆಣ್ಮಕ್ಳು ತಮ್ ಮದ್ವೇನ ತಾವೇ ಕೇಳೋದುಂಟೇನವ್ವಾ?" ಎಂದರು ಅಪ್ಪ. ಗದರಲಿಲ್ಲ. ಅವರಿಗೆ ನಿಜವಾಗಿಯೂ ಅದು ವಿಚಿತ್ರವಾಗಿ ಕಂಡಿತ್ತು.

ಗುಡಿಯಲ್ಲಿ ಅಪ್ಪ ಕೈಮುಗಿದು, "ತಾಯಿ, ಕೊಣನೂರಿಗೆ ಮಗಳನ್ನ ಕೊಡೋದು ಒಳ್ಳೇದಾದ್ರೆ ಬಲಗಡೆ ಪ್ರಸಾದ ಕೊಡು" ಎಂದರು. ನಾವೆಲ್ಲ ಉಸಿರು ಹಿಡಿದು ನಿಂತೆವು. ಸ್ವಲ್ಪ ಹೊತ್ತಿಗೆ ಬಲಗಡೆಯ ಕಣಗಿಲೆ ಹೂ ಜಾರಿ ತಟ್ಟೆಯಲ್ಲಿ ಬಿತ್ತು. ಅಮ್ಮ ಕಣ್ಣೊರೆಸಿಕೊಂಡರು. ಅಪ್ಪ ಹಗುರಾದರು. ಅಕ್ಕ ನನ್ನ ಭುಜದ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದಳು: "ಕೊಡೋದು ಒಳ್ಳೇದಾ ಅಂತ ಕೇಳಿದ್ರು ಕಣೇ. ಹೋಗೋದು ಒಳ್ಳೇದಾ ಅಂತ ಯಾರೂ ಕೇಳ್ಲಿಲ್ಲ."

ಮದುವೆಯಾಯಿತು. ಅಕ್ಕ ಪರೀಕ್ಷೆಗೆ ಕೂರಲಿಲ್ಲ. ಮನೆ ಎಷ್ಟು ಬಿಕೋ ಎನ್ನುತ್ತಿತ್ತೆಂದರೆ, ನಾನು ಹಿತ್ತಲಿನಲ್ಲಿ ಒಬ್ಬಳೇ ಕೂತು ಗರಿ ಸೀಳುತ್ತ, ನಡುನಡುವೆ ಸುಮ್ಮನೆ "ಊಂ" ಅನ್ನುತ್ತಿದ್ದೆ. ಆ ಹೂವಿನ ಮೇಲೆ, ಆ ದೇವಿಯ ಮೇಲೆ, ಕೊಣನೂರಿನ ಭಾವನ ಮೇಲೆ ನನಗೆ ಹೇಳಲಾರದಷ್ಟು ಸಿಟ್ಟಿತ್ತು. ಭಾವ ಹಬ್ಬಕ್ಕೆ ಬಂದಾಗ ನನಗೆಂದು ತಂದ ಬಳೆಗಳನ್ನು ನಾನು ಮುಟ್ಟಲಿಲ್ಲ. ಪಾಪ, ಅವರು ಅದನ್ನು ಗೂಡಿನಲ್ಲಿಟ್ಟು ಹೋದರು.

ಓದು ಮುಗಿಸಿದ ಮೇಲೆ ನನಗೆ ಹೊಳೆನರಸೀಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ತಲೆಗೆ ಯಂತ್ರ ಸಿಕ್ಕಿಸಿಕೊಂಡು, ಯಾರದೋ ಪ್ರಶ್ನೆಯನ್ನು ಯಾರಿಗೋ ಜೋಡಿಸುತ್ತ ಕೂರುವ ಕೆಲಸ. ನಾನೂ ಒಂದು ಬಗೆಯ ಪೂಜಾರಿಯೇ ಆದೆ ಎಂದು ಜಂಬಪಟ್ಟುಕೊಂಡೆ. ಆದರೆ ಇಲ್ಲಿ ಉತ್ತರಕ್ಕಿಂತ "ಹಲೋ, ಹಲೋ, ಕೇಳಿಸ್ತಾ ಇಲ್ಲ" ಎನ್ನುವುದೇ ಹೆಚ್ಚು. ಒಮ್ಮೆ ಹೊಗೆಸೊಪ್ಪು ಕೀಳುವ ಕಾಲದಲ್ಲಿ ರಜೆ ಹಾಕಿ, ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ಅಕ್ಕನ ಮನೆಗೆ ಹೋದೆ.

ಅಂಗಳದ ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಎಲೆಯ ಅಂಟು ಹತ್ತಿ ಎಲ್ಲರ ಕೈಯೂ ಕಪ್ಪು. ಅಕ್ಕನದೂ ಕಪ್ಪು. ಅವಳು ಮಾತಾಡುತ್ತಿದ್ದಳು, ಉಳಿದವರು "ಊಂ" ಅನ್ನುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಜಾಗದಲ್ಲಿ ಅಷ್ಟೊಂದು ಜನ!

ಅವರಲ್ಲೊಬ್ಬಳು ನನ್ನನ್ನು ನೋಡಿ, "ನಿಮ್ ತಂಗೀನಾ ಅಕ್ಕಾ? ಇವ್ರಿಗೂ ಗೊತ್ತಾ ದೊಡ್ಡವ್ವನ್ ಮರ?" ಎಂದಳು.

"ಯಾವ ದೊಡ್ಡವ್ವ?" ಎಂದೆ.

ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. "ಡೊಡೋನ ಕಣೇ. ನಾನು ಎಷ್ಟು ಸಲ ಹೇಳಿದ್ರೂ ಇವರ ಬಾಯಲ್ಲಿ ದೊಡ್ಡವ್ವನೇ ಆಗುತ್ತೆ. ಜ್ಯೂಸ್ ಅಂತೂ ಇವರಿಗೆ ಬೇಡವೇ ಬೇಡ. ದೇವಿ ಒಬ್ಬಳನ್ನೇ ಇಟ್ಕೊಂಡಿದ್ದಾರೆ."

ಮನೆಯ ಹಿಂದೆ ಕಾಲುವೆಯ ಏರಿಯ ಮೇಲೆ ಒಂದು ಅರಳಿಮರ ಇತ್ತು. ಹೆಂಗಸರು ಕೆಲಸ ಮುಗಿಸಿ ಕೈ ತೊಳೆಯಲು ಅಲ್ಲಿಗೆ ಹೋಗುತ್ತಿದ್ದರು. ಒಂದು ದಿನ ಯಾರೋ ತಮಾಷೆಗೆ, ನಮ್ಮ ಮರವೂ ಮಾತಾಡುತ್ತದೋ ನೋಡೋಣ ಎಂದು ಏನೋ ಕೇಳಿದಳಂತೆ. ಅದೇ ಸಮಯಕ್ಕೆ ಗಾಳಿ ಬೀಸಿತಂತೆ. ಅಲ್ಲಿಂದ ಶುರು. ಅಕ್ಕ ಎಷ್ಟೋ ಹೇಳಿ ನೋಡಿದಳು. ಅದು ಬೇರೆ ದೇಶ, ಬೇರೆ ಮರ, ಬೇರೆ ದೇವರು, ನಾನು ಹೇಳಿದ್ದು ಕಾಲೇಜಿನ ಪಾಠ ಎಂದಳು. "ಇರ್ಲಿ ಬುಡಿ, ಅಲ್ಲೀಗಂಟ ಯಾರ್ ಓಗ್ತಾರೆ" ಎಂದರು ಅವರು.

ನಾನು ಅಲ್ಲಿದ್ದಾಗಲೇ ಮುದ್ದಮ್ಮ ಬಂದಳು. ಗಂಡನ ಮನೆಯಿಂದ ಬಂದು ತವರಿನಲ್ಲಿದ್ದ, ಅಕ್ಕನ ಮನೆಗೆ ಕೂಲಿಗೆ ಬರುತ್ತಿದ್ದ ಹುಡುಗಿ. ಕೈಯ ಮೇಲೆ ಸುಟ್ಟ ಗಾಯದ ಗುರುತು. ಗಂಡ ಮತ್ತೆ ಕರೆಯಲು ಬಂದಿದ್ದ. ಮರದ ಕೆಳಗೆ ನಿಂತು ಅಳುತ್ತಳುತ್ತ ಶುರುಮಾಡಿದಳು. "ಅತ್ತೆ ಇನ್ಮ್ಯಾಕೆ ಏನೂ ಅನ್ನಕಿಲ್ಲ ಅಂತಾವ್ಳೆ, ನಮ್ಮಪ್ಪ ಓಗು ಅಂತಾನೆ, ನಮ್ಮಣ್ಣ ಮಾತೇ ಆಡಕಿಲ್ಲ, ಅವ್ನು ಅಂಗಂತಾನೆ, ಇವ್ನು ಇಂಗಂತಾನೆ..."

"ನೋಡವ್ವಾ" ಎಂದಳು ಅಕ್ಕ, "ಡೊಡೋನದಲ್ಲಿ ತಗಡು ಇಷ್ಟೇ ಇಷ್ಟು ಇರ್ತಿತ್ತು. ಇಷ್ಟೆಲ್ಲ ಹಿಡಿಯಲ್ಲ. ಒಂದೇ ಮಾತಲ್ಲಿ ಕೇಳು. ಅವರು ಹೇಳಿದ್ದೆಲ್ಲ ಬಿಟ್ಟುಬಿಡು, ನಿಂದು ಮಾತ್ರ ಕೇಳು."

ಮುದ್ದಮ್ಮ ಅಳು ನಿಲ್ಲಿಸಿದಳು. ಒಂದೊಂದೇ ಮಾತನ್ನು ಒಳಗೇ ಆರಿಸಿ ಬಿಸಾಕುತ್ತಿದ್ದಂತೆ ಕಂಡಿತು. ಕೊನೆಗೆ ಮರದ ಕಡೆ ತಲೆಯೆತ್ತಿ ಕೇಳಿದಳು: "ನಾನ್ ಓಗ್ಲಾ?"

ಗಾಳಿ ಬೀಸಿತೋ ಇಲ್ಲವೋ ನನಗೆ ನೆನಪಿಲ್ಲ. ಅವಳೇ ಕಣ್ಣೊರೆಸಿಕೊಂಡು, "ಓಗಕಿಲ್ಲ" ಎಂದಳು. ಹೇಳಿ, ತಾನೇ ಹೇಳಿದ್ದಕ್ಕೆ ಬೆರಗಾದವಳಂತೆ ಅಕ್ಕನ ಮುಖ ನೋಡಿದಳು. ಅಕ್ಕ ತನ್ನ ಕಪ್ಪು ಕೈಯಿಂದ ಅವಳ ಕಪ್ಪು ಕೈಯನ್ನು ಹಿಡಿದುಕೊಂಡಳು. ಮುದ್ದಮ್ಮ ಹೋಗಲಿಲ್ಲ. ಅವಳಿಗೂ ಅವಳ ಅಪ್ಪನಿಗೂ ಜಗಳವಾಯಿತು, ಗಂಡ ಅಕ್ಕನ ಮನೆ ಬಾಗಿಲಿಗೆ ಬಂದು ಕೂಗಾಡಿದ, ಆಗ ಅಡ್ಡ ನಿಂತವರು ನಮ್ಮ ಭಾವ. ನಾನು ಬಳೆ ಮುಟ್ಟದೆ ಬಿಟ್ಟಿದ್ದೆನಲ್ಲ, ಅದೇ ಭಾವ. "ಈ ಮಗಳು ನಮ್ಮನೆ ಕೆಲ್ಸುಕ್ ಬತ್ತಾವ್ಳೆ. ನಿನ್ ಜೊತೆ ಬರಕಿಲ್ಲ ಅಂದವ್ಳೆ. ಬಂದ ದಾರಿ ಹಿಡಿ" ಎಂದಷ್ಟೇ ಹೇಳಿ, ಅವನು ಹೋಗುವವರೆಗೆ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಕ್ಕ ಬಾಗೂರಿಂದ ಪಾತ್ರೆಪಗಡ ತತ್ತಾಳೆ ಅನ್ಕಂಡಿದ್ದೆ ಕಣಮ್ಮ, ದೇವ್ರನ್ನೇ ತಂದ್ಬುಟ್ಳು" ಎಂದು ನಕ್ಕರು. ಅಕ್ಕ ನಕ್ಕಳು. ನಾನೂ ನಕ್ಕೆ. ಅವಳ ಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಆದರೂ ಅಕ್ಕನಿಗೆ ಡೊಡೋನವನ್ನು ಕಣ್ಣಾರೆ ನೋಡುವ ಆಸೆ ಹೋಗಲಿಲ್ಲ. ಫೋನು ಮಾಡಿದಾಗಲೆಲ್ಲ, "ಇಬ್ಬರೂ ಹೋಗೋಣ ಕಣೇ, ಮಕ್ಕಳ ಮದುವೆ ಮುಗೀಲಿ" ಎನ್ನುತ್ತಿದ್ದಳು. ಮಕ್ಕಳ ಮದುವೆ ಮುಗಿಯಿತು. "ಮೊಮ್ಮಗು ನಡೆಯೋಹಂಗಾಗಲಿ" ಎಂದಳು. ಅದೂ ನಡೆಯಿತು, ಓಡಿತು. ನಾನು ಪಾಸ್‌ಪೋರ್ಟಿನ ಅರ್ಜಿ ತಂದುಕೊಟ್ಟೆ. ಫೋಟೊ ತೆಗೆಸಿಕೊಳ್ಳಲು ಅರಕಲಗೂಡಿಗೆ ಹೋದವಳು ಸುಸ್ತು ಎಂದು ಕೂತಳು. ಹಾಸನದ ಆಸ್ಪತ್ರೆಗೆ ಕರೆತಂದೆವು. ವೈದ್ಯರು ತಮ್ಮ ಕೈಲಾದದ್ದೆಲ್ಲ ಮಾಡಿದರು. ನಾನು ಹಾಸಿಗೆಯ ಪಕ್ಕ ಕೂತಿರುತ್ತಿದ್ದೆ. ಅವಳಿಗೆ ಹೆಚ್ಚು ಮಾತಾಡಲು ಆಗುತ್ತಿರಲಿಲ್ಲ. ಕಥೆ ಹೇಳುವ ಸರದಿ ನನ್ನದಾಯಿತು. ನನಗೆ ನೆನಪಿದ್ದಷ್ಟು ಗ್ರೀಸನ್ನು ತಪ್ಪುತಪ್ಪಾಗಿ ಹೇಳುತ್ತಿದ್ದೆ. ಅವಳು ತಿದ್ದುತ್ತಿರಲಿಲ್ಲ, "ಊಂ" ಎನ್ನುತ್ತಿದ್ದಳು. ಆ "ಊಂ" ಒಂದು ಬೆಳಿಗ್ಗೆ ನಿಂತುಹೋಯಿತು.

ಅದಾದ ಮೇಲೆ ಕೊಣನೂರಿಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಈ ವರ್ಷ ಅಕ್ಕನ ಮಗಳು ವಿದ್ಯಾ ಫೋನು ಮಾಡಿ, "ಚಿಕ್ಕಮ್ಮ, ಒಂದ್ಸಲ ಬಾ, ಮರ ನೋಡುವಂತೆ" ಎಂದಳು. ಹೋದೆ. ಭಾವನ ಕೂದಲು ಪೂರಾ ಬೆಳ್ಳಗಾಗಿದೆ, ಆದರೂ ಹೊಗೆಸೊಪ್ಪಿನ ಕೆಲಸವನ್ನು ಬಿಟ್ಟಿಲ್ಲ. ಮೊಮ್ಮಗನನ್ನು ಬೈಕಿನ ಮುಂದೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಬೈಕು ತಳ್ಳಿಕೊಂಡು ನಡೆಯುತ್ತ ದಾರಿಯಲ್ಲಿ ಹೇಳಿದರು: "ಗುಡಿ ಕಟ್ಟುಸ್ಬೇಕು, ಪೂಜಾರೀನ ಇಡ್ಬೇಕು ಅಂತ ಊರ್ ಗಂಡಸ್ರು ಬಂದಿದ್ರು ಕಣಮ್ಮ. ಹೆಂಗಸ್ರು ಒಪ್ಲೇ ಇಲ್ಲ. ಪೂಜಾರಿ ಬಂದ್ರೆ ನಮ್ ಪ್ರಶ್ನೇನ ಅವ್ನು ಕೇಳ್ತಾನೆ, ಬ್ಯಾಡವೇ ಬ್ಯಾಡ ಅಂದ್ಬುಟ್ರು."

ಕಾಲುವೆ ಏರಿಯ ಮೇಲೆ ಅರಳಿಮರ ಆಕಾಶಕ್ಕೆ ಬೆಳೆದಿತ್ತು. ಬುಡಕ್ಕೆ ಕಟ್ಟೆ ಕಟ್ಟಿದ್ದರು. ಕೊಂಬೆಗಳಿಗೆ ಸಣ್ಣ ಗಂಟೆಗಳು. ಕುಂಕುಮ, ಒಂದೆರಡು ಬಳೆ. ಕಟ್ಟೆಯ ಮೇಲೆ ಕೆಲವು ಹೆಂಗಸರು ಕೂತಿದ್ದರು, ನಡುವೆ ಮುದ್ದಮ್ಮ. ಈಗ ಅವಳೂ ಅಜ್ಜಿ. ಎರಡನೇ ಮದುವೆಯಾಗಿ, ಗಂಡ ರಾಮನಾಥಪುರದ ಕಡೆಯವನಂತೆ, ಮೂವರು ಮಕ್ಕಳ ತಾಯಿ. ನನ್ನನ್ನು ಗುರುತು ಹಿಡಿದು ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ನೀವೇ ಬಂದ್ರಲ್ಲ, ಒಳ್ಳೇದಾಯ್ತು. ನಿಮ್ಮಕ್ಕ ನಮ್ಗೆ ಎಲ್ಲಾನೂ ಯೋಳವ್ರೆ. ಕಡೇಗ್ ಏನಾಯ್ತು ಅಂತ ಮಾತ್ರ ಯೋಳ್ಲೇ ಇಲ್ಲ. ಕೇಳ್ದಾಗೆಲ್ಲ ಇನ್ನೊಂದ್ ದಿನ ಅನ್ನೋರು. ಆ ದೇಸದ್ ಮರ ಈಗ್ಲೂ ಅದಾ ಅವ್ವಾ?"

ಆ ಪಾಠದ ಕೊನೆಯ ಪುಟ ನನಗೆ ಗೊತ್ತಿತ್ತು. ಕಾಲ ಬದಲಾಯಿತು, ಹೊಸ ಮತ ಬಂತು, ಹಳೆಯ ದೇವರನ್ನು ಕೇಳಬಾರದೆಂದರು, ಮರವನ್ನು ಕಡಿದು ಬೇರಿನ ತನಕ ಕಿತ್ತರು. ಅದನ್ನು ಓದಿದ ದಿನ ಅಕ್ಕ ಪುಸ್ತಕ ಮುಚ್ಚಿಟ್ಟು ಮುಖ ತಿರುಗಿಸಿಕೊಂಡಿದ್ದಳು. ಈ ಹೆಂಗಸರಿಗೆ ಅದೊಂದನ್ನು ಹೇಳದೆಯೇ ಅವಳು ಹೋಗಿಬಿಟ್ಟಿದ್ದಳು. ಡೊಡೋನದ ಆ ಪಾಳು ಜಾಗದಲ್ಲಿ ಈಚೆಗೆ ಒಂದು ಓಕ್ ಗಿಡ ನೆಟ್ಟು ಬೆಳೆಸಿರುವುದನ್ನು ನಾನು ಫೋನಿನಲ್ಲಿ ನೋಡಿದ್ದೆ. ಮರ ಇದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಕಣ್ಣುಗಳ ಮುಂದೆ ಜಾಣತನ ಬರಲಿಲ್ಲ.

"ಇಲ್ಲ ಮುದ್ದಮ್ಮ. ಕಡಿದುಬಿಟ್ಟರು. ಬಹಳ ಹಿಂದೆಯೇ" ಎಂದೆ.

ಒಬ್ಬಳು ಲೊಚಗುಟ್ಟಿದಳು. ನಾನೇ ಕಡಿದವಳಂತೆ ತಲೆ ತಗ್ಗಿಸಿ ನಿಂತೆ. ಮುದ್ದಮ್ಮ ಮಾತ್ರ ಸ್ವಲ್ಪ ಯೋಚಿಸಿ, ಪಕ್ಕದ ಮನೆಯವರು ಮನೆ ಬದಲಾಯಿಸಿದ್ದನ್ನು ಹೇಳುವ ಹಾಗೆ ಹೇಳಿದಳು:

"ಮರ ಕಡ್ದ್ ಮ್ಯಾಕೆ ಅಲ್ಲಿದ್ದು ಏನ್ ಮಾಡಾಳು ದೊಡ್ಡವ್ವ? ಅದ್ಕೇ ನಿಮ್ಮಕ್ಕನ್ ಜೊತೆ ಇಲ್ಲಿಗ್ ಬಂದವ್ಳೆ."

ಉಳಿದವರು "ಊಂ ಮತ್ತೆ" ಎಂದು ತಲೆಯಾಡಿಸಿದರು. ನಡುವೆ ಎಷ್ಟು ಶತಮಾನಗಳು ಕಳೆದಿವೆ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ.

"ಅಷ್ಟ್ ದೂರದಿಂದ ಬಂದಿದ್ದೀರ. ನೀವೂ ಏನಾರ ಕೇಳ್ಕಳಿ" ಎಂದಳು ಮುದ್ದಮ್ಮ. "ಒಂದೇ ಮಾತ್ನಾಗ್ ಕೇಳ್ಬೇಕು, ನೆಪ್ಪದಾ?"

ಕೇಳಲು ನನ್ನಲ್ಲಿ ಬೇಕಾದಷ್ಟಿತ್ತು. ನೀನು ಇಲ್ಲಿ ಸುಖವಾಗಿದ್ದೆಯಾ. ಆ ಪರೀಕ್ಷೆಗೆ ಕೂರದೇ ಹೋದದ್ದು ಕಡೆಯವರೆಗೆ ನೋಯುತ್ತಿತ್ತಾ. ನಾನು ಇನ್ನಷ್ಟು ಸಲ ಬರಬೇಕಿತ್ತಾ. ಈಗ ಯಾರ ಹತ್ತಿರ ಮಾತಾಡಲಿ. ಕಟ್ಟೆಯ ಮೇಲೆ ಕೈಯೂರಿ ನಿಂತು ಒಂದೊಂದನ್ನೇ ಬದಿಗೆ ಸರಿಸುತ್ತ ಹೋದೆ. ಕೊನೆಗೆ ನನ್ನ ಬಾಯಿಂದ ಬಂದದ್ದು ಪ್ರಶ್ನೆಯೂ ಆಗಿರಲಿಲ್ಲ.

"ಅಕ್ಕಾ" ಎಂದೆ.

ಮುದ್ದಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಷ್ಟ್ ಸಾಕು ಬುಡಿ, ಕೇಳಿಸ್ಕತಾಳೆ" ಎಂದಳು.